ನಡುವೆ ಒಂದು ಹಿಡಿ ಹೆಚ್ಚು

ಹರಿಹರ
12 ಜನವರಿ 2025

ಮಗಳು ಸಬಾಗೆ ನಿನ್ನ ಅಪ್ಪ ಜಮಾಲ್ ಸಾಬ್ ಮಾಡುವ ದುವಾ.

ಅರ್ಧ ಗಂಟೆ ದಾರಿಯ ದಾವಣಗೆರೆಗೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನಗಬೇಡ. ಹತ್ತಿ ಹಿಂಜುವ ಮಿಷನ್ನಿನ ಸದ್ದಿಗೆ ನನ್ನ ಕಿವಿ ಅರ್ಧ ಹೋಗಿದೆ. ಫೋನನ್ನು ಸ್ಪೀಕರಿಗೆ ಹಾಕದಿದ್ದರೆ ನನಗೆ ಕೇಳಿಸುವುದಿಲ್ಲ, ಹಾಕಿದರೆ ಅಡುಗೆಮನೆಯಲ್ಲಿರುವ ನಿನ್ನ ಅವ್ವನಿಗೆ ನನಗಿಂತ ಮೊದಲು ಕೇಳಿಸುತ್ತದೆ. ಈ ವಿಷಯ ಅವಳ ಕಿವಿಗೆ ಬೀಳಬಾರದು. ಇನ್ನೊಂದು ಮಾತು, ಬಾಯಲ್ಲಿ ಆಡಿದ್ದನ್ನು ನಾಳೆ ಆಡಲಿಲ್ಲ ಎನ್ನಬಹುದು, ಬರೆದದ್ದನ್ನು ಹಾಗೆನ್ನಲು ಬರುವುದಿಲ್ಲ. ಹಿದಾಯತ್‌ನ ಗೂಡ್ಸ್ ಆಟೋ ದಿನಾ ಆ ಕಡೆ ಬರುತ್ತದೆ. ಉತ್ತರವನ್ನು ಅವನ ಕೈಯಲ್ಲೇ ಕೊಡು. ಅಂಟು ಹಚ್ಚಿ ಕೊಡು, ಅವನಿಗೂ ಓದಲು ಬರುತ್ತದೆ.

ನಿಮ್ಮ ಸ್ಕ್ಯಾನ್ ಸೆಂಟರಿನಲ್ಲಿ ಕಸ ಹೊಡೆಯುವ ತಿಪ್ಪಮ್ಮ ನಿನ್ನೆ ಅಂಗಡಿಗೆ ಬಂದಿದ್ದಳು, ಮೊಮ್ಮಗಳಿಗೆ ದಿಂಬು ಬೇಕೆಂದು. ದಿಂಬಿಗಿಂತ ಹೆಚ್ಚು ಸುದ್ದಿ ತಂದಿದ್ದಳು.

"ನಿಮ್ ಮಗಳ ಸಿಟಿ ಮಿಷನ್ ಫೇಲ್ ಆಗೈತಂತ್ರೀ ಸಾಬ್ರೇ. ಯಾರೋ ಬಂದು ಅಳತಿ ಹಾಕಿದ್ರು. ಬಿಡಬೇಕಾದ್ದಕ್ಕಿಂತ ಜಾಸ್ತಿ ಬಿಡ್ತೈತಂತೆ. ಡಾಕ್ಟ್ರಮ್ಮನ ಮುಖ ನೋಡಬೇಕಿತ್ತು ನೀವು" ಎಂದಳು.

ಏನು ಜಾಸ್ತಿ ಬಿಡುತ್ತದೆ ಎಂದು ಕೇಳಿದರೆ ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತು, ಮೈಮೇಲೆ ಬಿಡುವ ಕಿರಣ. ನವೆಂಬರಿನಲ್ಲಿ ನಿನ್ನ ಅವ್ವನಿಗೆ ಸೊಂಟ ಹಿಡಿದಾಗ ಆ ಮಿಷನ್ನಿನಲ್ಲೇ ಮಲಗಿಸಿ ಕಿಡ್ನಿಯಲ್ಲಿ ಕಲ್ಲಿದೆ ಎಂದು ತೋರಿಸಿದವಳು ನೀನು. ಈಗ ಇಲ್ಲಿನ ಡಾಕ್ಟರು ಹೊಟ್ಟೆಯ ಮೇಲೆ ಎಣ್ಣೆಯಂಥದ್ದು ಸವರಿ ನೋಡಿ, ಎಡಗಡೆಯ ಕಿಡ್ನಿ ಊದಿದೆ, ಕಲ್ಲು ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯಲು ಇನ್ನೊಂದು ಸಿಟಿ ಬೇಗ ಮಾಡಿಸಿ ಎಂದು ಚೀಟಿ ಕೊಟ್ಟಿದ್ದಾರೆ. ಚೀಟಿ ನನ್ನ ಜೇಬಿನಲ್ಲಿದೆ. ನೀನು ನಿಜ ಬರೆಯುವವರೆಗೆ ಅಲ್ಲೇ ಇರುತ್ತದೆ.

ಮಿಷನ್ ಫೇಲ್ ಆದದ್ದು ಹೌದೋ ಅಲ್ಲವೋ? ಗೊತ್ತಿದ್ದೂ ನೀನು ನನಗೆ ಹೇಳಲಿಲ್ಲವೇಕೆ?

ಉತ್ತರಕ್ಕೆ ಕಾದಿರುವ
ನಿನ್ನ ಅಪ್ಪ


ದಾವಣಗೆರೆ
16 ಜನವರಿ 2025

ಅಪ್ಪನಿಗೆ ಸಬಾಳ ಸಲಾಂ.

ಫೇಲ್ ಆದದ್ದು ಹೌದು. ನಿಮಗೆ ಹೇಳದೆ ಇದ್ದದ್ದು ಮುಚ್ಚಿಡಲು ಅಲ್ಲ, ನಮಗೇ ಇನ್ನೂ ಅರ್ಥವಾಗಿಲ್ಲ.

ಆ ಪರೀಕ್ಷೆ ಎಂದರೆ ಹೀಗೆ. ಒಂದು ಸ್ಕ್ಯಾನಿಗೆ ಇಷ್ಟು ಕಿರಣ ಬಿಟ್ಟೆ ಎಂದು ಮಿಷನ್ ತಾನೇ ಪರದೆಯ ಮೇಲೆ ಒಂದು ಅಂಕಿ ತೋರಿಸುತ್ತದೆ. ಅದು ಹೇಳುವುದು ದಿಟವೇ ಎಂದು ಹೊರಗಿನವರು ಬಂದು ಅಳೆಯಬೇಕು. ಮನುಷ್ಯರ ಹೊಟ್ಟೆಯೊಳಗೆ ಮೀಟರ್ ಇಡಲಾಗುವುದಿಲ್ಲವಲ್ಲ, ಅದಕ್ಕೆ ಹೊಟ್ಟೆಯಷ್ಟೇ ದಪ್ಪದ, ಗಾಜಿನಂತೆ ಕಾಣುವ ಪ್ಲಾಸ್ಟಿಕ್ ದಿಮ್ಮಿಯೊಂದನ್ನು ತರುತ್ತಾರೆ. ಗುಂಡಗಿರುತ್ತದೆ, ಒಬ್ಬರಿಗೆ ಎತ್ತಲು ಕಷ್ಟ. ಅದರ ನಡುವೆ ಒಂದು ತೂತು, ಸುತ್ತ ನಾಲ್ಕು. ಒಂದೊಂದು ತೂತಿಗೂ ಪೆನ್ಸಿಲಿನಂಥ ಮೀಟರನ್ನು ತೂರಿಸಿ ಕಿರಣ ಬಿಟ್ಟು ಎಷ್ಟು ಬಂತೆಂದು ಓದುತ್ತಾರೆ. ದಿಮ್ಮಿ ಮಿಷನ್ನಿನ ಬಳೆಯಂಥ ಬಾಯಿಯ ನಟ್ಟನಡುವೆ ಇರಬೇಕು, ಓರೆಯಾಗಬಾರದು. ಮಿಷನ್ನಿನಿಂದ ಕೆಂಪು ಬೆಳಕಿನ ಗೆರೆಗಳು ಬೀಳುತ್ತವೆ, ಆ ಗೆರೆಗೆ ದಿಮ್ಮಿಯ ಮೇಲಿನ ಗೆರೆಯನ್ನು ಕೂಡಿಸಿ ಇಡುತ್ತಾರೆ.

ಅಳೆಯಲು ಬಂದವರು ಅಂಜನ್ ಕುಮಾರ್ ಎಂದು, ಹುಬ್ಬಳ್ಳಿಯ ಕಡೆಯಿಂದ. ಮೀಟರ್ ತೋರಿಸಿದ್ದಕ್ಕೂ ಪರದೆ ತೋರಿಸಿದ್ದಕ್ಕೂ ತಾಳೆಯಾಗಲಿಲ್ಲ. ಮೇಲಿನ ತೂತಿನಲ್ಲಿ ಜಾಸ್ತಿ, ಕೆಳಗಿನದರಲ್ಲಿ ಕಡಿಮೆ. ಮತ್ತೊಮ್ಮೆ ಅಳೆದರೆ ಇನ್ನೊಂದು ಥರ. ನಮ್ಮ ಸೆಂಟರಿನ ಡಾಕ್ಟರು ಸುನೀತಾ ಮೇಡಂಗೆ ಅಂಜನ್ ಕುಮಾರರ ಮೇಲೆ ಗುಮಾನಿ, ಬೇಕೆಂದೇ ಕೊಂಕು ತೆಗೆಯುತ್ತಿದ್ದಾರೆ ಎಂದು. ಅವರಿಗೆ ನಮ್ಮ ಮೇಲೆ ಗುಮಾನಿ, ಮಿಷನ್ನಿನಲ್ಲಿ ಏನೋ ತಿರುಚಿದ್ದೇವೆ ಎಂದು. ಅಂದು ಮಿಷನ್ ನಡೆಸುತ್ತಿದ್ದವಳು ನಾನು, ಆದ್ದರಿಂದ ಇಬ್ಬರಿಗೂ ನನ್ನ ಮೇಲೆ ಗುಮಾನಿ. ಒಂದೇ ಕೋಣೆಯಲ್ಲಿ ಟೀ ಕುಡಿಯುತ್ತೇವೆ, ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಇನ್ನೊಮ್ಮೆ ಅಳೆಯುವವರೆಗೆ ಸ್ಕ್ಯಾನ್ ನಿಲ್ಲಿಸಿದ್ದೇವೆ. ಅಲ್ಲಿಯವರೆಗೆ ಅವ್ವನನ್ನು ಕಾಯಿಸಬೇಡಿ. ಪಿ.ಜೆ. ಬಡಾವಣೆಯಲ್ಲಿ ನಮ್ಮದೊಂದೇ ಸೆಂಟರ್ ಅಲ್ಲ, ಬೇರೆ ಕಡೆ ಕರೆದುಕೊಂಡು ಹೋಗಿ, ನಾನೂ ಜೊತೆಗೆ ಬರುತ್ತೇನೆ. ಅವ್ವನಿಗೆ ನೋವು ಹೇಗಿದೆ ಎಂದು ಬರೆಯಿರಿ. ಫೋನಿನಲ್ಲಿ ಕೇಳಿದರೆ "ನಂಗೇನಾಗೈತೆ, ನಿಂದು ಊಟ ಆತಾ?" ಎನ್ನುತ್ತಾಳೆ.

ನಿಮ್ಮ
ಸಬಾ


ಹರಿಹರ
24 ಜನವರಿ 2025

ಸಬಾಗೆ ದುವಾ.

ನಿನ್ನ ಕಾಗದವನ್ನು ಅಂಗಡಿಯಲ್ಲೇ ಓದಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರು ನಿಮ್ಮಲ್ಲಿ ಮೂರು ಜನ ಇದ್ದೀರಿ. ಒಬ್ಬರಾದರೂ ಸುಮ್ಮನೆ ಕೂತಿದ್ದರೆ ಮಿಕ್ಕವರನ್ನು ಹಿಡಿಯಬಹುದಿತ್ತು.

ಬೇರೆ ಕಡೆ ಹೋಗಿ ಎನ್ನುತ್ತೀಯಲ್ಲ, ಚೆನ್ನಾಗಿದೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳು ಕಾವಲಿರುವ ಮಿಷನ್ನೇ ಸುಳ್ಳು ಹೇಳಿದರೆ, ಕಂಡು ಕೇಳದವರ ಮಿಷನ್ ದಿಟ ಹೇಳುತ್ತದೆ ಎಂದು ನಾನು ಯಾವ ಧೈರ್ಯದಲ್ಲಿ ನಂಬಲಿ? ನಿಮ್ಮದು ಅಳತೆಗೆ ಸಿಕ್ಕಿಬಿತ್ತು, ಅವರದು ಸಿಕ್ಕಿಬಿದ್ದಿಲ್ಲ, ಅಷ್ಟೇ ವ್ಯತ್ಯಾಸ. ಒಂದು ಸಲ ಹೆಚ್ಚು ಕಿರಣ ತಿಂದಿರುವ ದೇಹಕ್ಕೆ ಮತ್ತೆ ತಿನ್ನಿಸುವುದಿಲ್ಲ.

ಮಲೆಬೆನ್ನೂರಿನಲ್ಲಿ ಒಬ್ಬರು ನಾಟಿ ಔಷಧಿ ಕೊಡುತ್ತಾರೆ. ಕರೆದುಕೊಂಡು ಹೋಗಿದ್ದೆ. ಬಾಳೆದಿಂಡಿನ ರಸದಲ್ಲಿ ಒಂದು ಪುಡಿ ಕಲಸಿ ಕುಡಿಯಬೇಕು. ಕುಡಿಯುತ್ತಿದ್ದಾಳೆ. ನೋವು ಹೇಗಿದೆ ಎಂದು ದಿನಾ ನಾನೇ ಕೇಳುತ್ತೇನೆ. "ಕಡಿಮಿ ಆಗೈತ್ರಿ, ಎಷ್ಟ್ ಸಲ ಕೇಳ್ತೀರಿ?" ಎಂದು ಬೈಯುತ್ತಾಳೆ. ಬೈಯುವಷ್ಟು ಶಕ್ತಿ ಬಂದಿದೆ ಎಂದರೆ ಔಷಧಿ ಹಿಡಿದಿದೆ ಎಂದೇ ಅರ್ಥ.

ನನ್ನ ಗಾದಿ ಹೇಗಿದೆ? ನಿಮ್ಮ ಸ್ಕ್ಯಾನ್ ಟೇಬಲ್ಲಿನ ಕಂಪನಿ ಫೋಮ್ ಹರಿದುಹೋಗಿ, ಹೊಸದು ಬರಲು ತಡವಾಗುತ್ತದೆ ಎಂದು ನೀನು ಅಕ್ಟೋಬರಿನಲ್ಲಿ ಗಾದಿ ಕೇಳಿದೆಯಲ್ಲ, ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದೇನೆ. ಈಗಿನ ಜನ ಮದುವೆಗೂ ಫೋಮ್ ಗಾದಿ ಕೊಳ್ಳುತ್ತಾರೆ, ಪಿಂಜಾರರ ಅಂಗಡಿಗಳು ಒಂದೊಂದೇ ಮುಚ್ಚುತ್ತಿವೆ. ಹಾಗಿರುವಾಗ ಸಿಟಿ ಸ್ಕ್ಯಾನಿಗೆ ಗಾದಿ ಹೊಲಿದ ಪಿಂಜಾರ ಈ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸು. ಮಲಗಿದಷ್ಟೂ ಹತ್ತಿ ಕುಸಿದು ಕೂರುತ್ತದೆ ಎಂದು ನಡುವೆ ಒಂದು ಹಿಡಿ ಹೆಚ್ಚೇ ತುಂಬಿದ್ದೇನೆ, ನಮ್ಮಪ್ಪ ಕಲಿಸಿದ ಹಾಗೆ. ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ. ಆ ಸೆಂಟರಿನಲ್ಲಿ ನಂಬುವಂಥದ್ದು ಅದೊಂದೇ ಎಂದು ಕಾಣುತ್ತದೆ.

ನಿನ್ನ ಅಪ್ಪ
ಜಮಾಲ್ ಸಾಬ್


ದಾವಣಗೆರೆ
9 ಫೆಬ್ರವರಿ 2025

ಅಪ್ಪನಿಗೆ ಸಲಾಂ.

ಒಳ್ಳೆಯ ಸುದ್ದಿ. ಮೊನ್ನೆ ಅಂಜನ್ ಕುಮಾರ್ ಮತ್ತೆ ಬಂದು ಅಳೆದರು. ಎಲ್ಲ ತಾಳೆಯಾಯಿತು, ಮಿಷನ್ ಪಾಸಾಗಿದೆ. ಮಿಷನ್ನಿನಲ್ಲಿ ಯಾವ ದೋಷವೂ ಇರಲಿಲ್ಲವಂತೆ. ಮೊದಲ ಸಲ ದಿಮ್ಮಿ ಇಟ್ಟ ಜಾಗ ಸರಿಯಿರಲಿಲ್ಲ, ಅಷ್ಟೆ. ಸ್ಕ್ಯಾನ್ ಮತ್ತೆ ಶುರು ಮಾಡಿದ್ದೇವೆ.

ಅವ್ವನನ್ನು ಈ ವಾರವೇ ಕರೆದುಕೊಂಡು ಬನ್ನಿ. ನೋವು ಕಡಿಮೆಯಾಗಿದೆ ಎಂದು ಬರೆದದ್ದನ್ನು ಸುನೀತಾ ಮೇಡಂಗೆ ಹೇಳಿದೆ. ಅವರಿಗೆ ಅದು ಇಷ್ಟವಾಗಲಿಲ್ಲ. ದಾರಿ ಕಟ್ಟಿಕೊಂಡ ಕಿಡ್ನಿ ಸೋತು ಸುಮ್ಮನಾದಾಗಲೂ ನೋವು ನಿಲ್ಲುತ್ತದೆ, ಕಲ್ಲು ಬಿದ್ದದ್ದನ್ನು ಯಾರಾದರೂ ನೋಡಿದ್ದಾರಾ ಎಂದು ಕೇಳಿದರು. ನೋಡಿದ್ದೀರಾ?

ಗಾದಿ ಚೆನ್ನಾಗಿದೆ.

ನಿಮ್ಮ ದಾರಿ ಕಾಯುವ
ಸಬಾ


ಹರಿಹರ
4 ಮಾರ್ಚ್ 2025

ಸಬಾ,

ಮೂರು ವಾರ ಬರೆಯಲಿಲ್ಲ. ಬರೆಯುವ ಮೊದಲು ಕಣ್ಣಾರೆ ನೋಡಬೇಕಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ, ನನಗೆ ಪ್ರತ್ಯಕ್ಷವೂ ಇರಲಿಲ್ಲ.

ಫೇಲ್ ಆಗಿದ್ದ ಮಿಷನ್ ಒಂದು ರಿಪೇರಿಯೂ ಇಲ್ಲದೆ ಪಾಸಾಯಿತು ಎನ್ನುತ್ತೀಯ. ಇಟ್ಟ ಜಾಗ ಸರಿಯಿರಲಿಲ್ಲ ಎನ್ನುತ್ತೀಯ. ಯಾರು ಇಟ್ಟರು, ಯಾಕೆ ಸರಿಯಿರಲಿಲ್ಲ, ಒಂದೂ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗಾಯಿತು.

ಅದಕ್ಕೇ ರಂಜಾನ್ ಶುರುವಾಗುವ ಮುಂಚೆ, ಹತ್ತಿ ತರುತ್ತೇನೆ ಎಂದು ನಿನ್ನ ಅವ್ವನಿಗೆ ಹೇಳಿ ದಾವಣಗೆರೆಗೆ ಬಂದಿದ್ದೆ. ನೀನು ಊಟಕ್ಕೆ ಹೋಗುವ ಹೊತ್ತು ನೋಡಿ ತಲೆಗೆ ಟವೆಲ್ ಸುತ್ತಿ ನಿಮ್ಮ ಸೆಂಟರಿನ ಬೆಂಚಿನಲ್ಲಿ ಕೂತಿದ್ದೆ. ತಿಪ್ಪಮ್ಮ ಗುರುತು ಹಿಡಿದು ಬಾಯಿ ತೆರೆದಳು, ಕಣ್ಣು ಬಿಟ್ಟು ಸುಮ್ಮನಿರಿಸಿದೆ. ನಿಮ್ಮ ಡಾಕ್ಟರಮ್ಮ ಯಾರೋ ಟೈ ಕಟ್ಟಿದವನ ಜೊತೆ ನಗುನಗುತ್ತ ಮಾತಾಡುತ್ತಿದ್ದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡೆ. ಅಷ್ಟರಲ್ಲಿ ಯಾರನ್ನೋ ಸ್ಟ್ರೆಚರಿನಲ್ಲಿ ಒಳಗೆ ತಳ್ಳಿದರು, ಮಿಷನ್ ಕೋಣೆಯ ಬಾಗಿಲು ಪೂರ್ತಿ ತೆರೆಯಿತು.

ಟೇಬಲ್ ಮೇಲೆ ನನ್ನ ಗಾದಿ ಇರಲಿಲ್ಲ. ಕಪ್ಪು ಬಣ್ಣದ, ರೊಟ್ಟಿಯಷ್ಟು ತೆಳ್ಳಗಿನ ಏನೋ ಹಾಸಿತ್ತು.

"ಗಾದಿ ಚೆನ್ನಾಗಿದೆ" ಎಂದು ಬರೆದವಳು ನೀನೇ ಅಲ್ಲವೇ? ಪಿಂಜಾರನ ಗಾದಿ ಎಂದು ಯಾರಾದರೂ ಮೂಗು ಮುರಿದರೋ? ಇಲ್ಲ ಅದರಿಂದ ಬೇರೇನಾದರೂ ಆಯಿತೋ? ಇಷ್ಟು ಸಣ್ಣದಕ್ಕೆ ಸುಳ್ಳು ಹೇಳುವವಳು ದೊಡ್ಡದಕ್ಕೆ ಹೇಳಲಾರಳೇ? ಗಾದಿಯ ಮಾತು ಸುಳ್ಳಾದರೆ ಮಿಷನ್ನಿನ ಮಾತೂ ಸುಳ್ಳೇ. ಚೀಟಿ ಜೇಬಿನಲ್ಲೇ ಇರುತ್ತದೆ.

ಜಮಾಲ್ ಸಾಬ್


ದಾವಣಗೆರೆ
7 ಮಾರ್ಚ್ 2025

ಅಪ್ಪನಿಗೆ ಸಲಾಂ.

ಬಂದವರು ನನ್ನನ್ನು ಕರೆಯದೆ ಹೋದಿರಲ್ಲ. ಓದಿ ಬಹಳ ಹೊತ್ತು ಅತ್ತೆ.

ಗಾದಿಯನ್ನು ಯಾರೂ ಮೂಗು ಮುರಿದು ತೆಗೆದಿಲ್ಲ. ತೊಳೆಯಲು ಹಾಕಿದ್ದೆವು, ಒಣಗಿಲ್ಲ, ಅದಕ್ಕೇ ಕಾಣಲಿಲ್ಲ. ಗಾದಿಗೂ ಅವ್ವನ ಸ್ಕ್ಯಾನಿಗೂ ಸಂಬಂಧವಿಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಅವಳನ್ನು ಕರೆದುಕೊಂಡು ಬನ್ನಿ. ನಾನು ಆ ದಿನ ರಜಾ ಹಾಕುತ್ತೇನೆ ಬೇಕಾದರೆ, ನನ್ನ ಮುಖ ನೋಡುವುದೂ ಬೇಡ. ರೋಜಾ ಹಿಡಿಯಲು ಮಾತ್ರ ಬಿಡಬೇಡಿ, ಅವಳು ನೀರು ಕುಡಿಯುತ್ತಿರಬೇಕು.

ಸಬಾ


ಹರಿಹರ
11 ಮಾರ್ಚ್ 2025

ಹತ್ತಿಯ ಗಾದಿಯನ್ನು ತೊಳೆಯುತ್ತಾರೇನೇ?

ಬಿಚ್ಚಿ, ಹತ್ತಿ ತೆಗೆದು, ಬಟ್ಟೆ ಮಾತ್ರ ತೊಳೆದು, ಹತ್ತಿಯನ್ನು ಮತ್ತೆ ಹಿಂಜಿ ತುಂಬಬೇಕು. ಅದನ್ನು ನೀನು ನಡೆಯಲು ಕಲಿಯುವ ಮೊದಲು ಈ ಅಂಗಡಿಯಲ್ಲಿ ಕೂತು ನೋಡಿದವಳು. ಬೇರೆಯವರ ಮಗಳಾಗಿದ್ದರೆ ನಂಬುತ್ತಿದ್ದೆನೇನೋ. ಪಿಂಜಾರನ ಮಗಳು ಪಿಂಜಾರನಿಗೇ ಗಾದಿ ತೊಳೆದೆ ಎಂದು ಬರೆಯುವಷ್ಟು ಗಾಬರಿಯಾಗಿದ್ದಾಳೆ ಎಂದರೆ ಅಲ್ಲಿ ಏನೋ ದೊಡ್ಡದೇ ನಡೆದಿದೆ.

ನಿನ್ನ ಅವ್ವ ರೋಜಾ ಹಿಡಿದಿದ್ದಾಳೆ. ಬೇಡ ಎಂದೆ, ಕೇಳಲಿಲ್ಲ. "ನೋವೇ ಇಲ್ಲ, ಯಾಕ ಬಿಡ್ಲಿ?" ಎನ್ನುತ್ತಾಳೆ. ಸಂಜೆ ತಾನೇ ಕೂತು ಭಜಿ ಕರಿಯುತ್ತಾಳೆ. ಕಿಡ್ನಿ ಕೆಟ್ಟವರು ಹೀಗಿರುತ್ತಾರೆಯೇ? ನಿಮ್ಮ ಡಾಕ್ಟರಮ್ಮನಿಗೆ ಹೇಳು, ನೋವು ಇದ್ದರೂ ಸ್ಕ್ಯಾನ್, ಇಲ್ಲದಿದ್ದರೂ ಸ್ಕ್ಯಾನ್ ಎಂಬ ವ್ಯಾಪಾರ ನನ್ನ ಹತ್ತಿರ ಬೇಡ.

ಈ ವಿಷಯ ಇಲ್ಲಿಗೆ ಮುಗಿಯಿತು.

ಜಮಾಲ್ ಸಾಬ್


ದಾವಣಗೆರೆ
2 ಏಪ್ರಿಲ್ 2025

ಅಪ್ಪನಿಗೆ ಸಲಾಂ.

ಮೊನ್ನೆ ಹಬ್ಬಕ್ಕೆ ಬಂದಾಗ ನೀವು ನಮಾಜಿನಿಂದ ಬಂದವರೇ ಅಂಗಡಿಗೆ ಹೋಗಿ ಕೂತಿರಿ. ನನಗೆ ಸುರಕುಂಬಾ ಕೊಡುವಾಗ ಅವ್ವ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದಿದ್ದಳು. ಅವಳ ಮುಖ ಬೆಳಿಗ್ಗೆಯೇ ಊದಿಕೊಂಡಿತ್ತು. ಬಳೆಗಳು ಕೈಗೆ ಕಚ್ಚಿಕೊಂಡಿದ್ದವು. ಕೇಳಿದರೆ "ದಪ್ಪ ಆಗೀನಿ ಬಿಡು, ನಿಮ್ಮಪ್ಪ ಚೆನ್ನಾಗಿ ನೋಡ್ಕಂತಾರೆ" ಎಂದು ನಕ್ಕಳು. ಬಸ್ಸಿನಲ್ಲಿ ಬಾತಿ ಊರು ದಾಟುವಷ್ಟರಲ್ಲಿ ನಿಮಗೆ ನಿಜ ಬರೆಯಬೇಕೆಂದು ತೀರ್ಮಾನಿಸಿದೆ. ನಿಮಗೆ ನೋವಾದರೂ ಆಗಲಿ.

ನೀವು ಅನುಮಾನಪಟ್ಟದ್ದು ಸರಿ. ನಾನು ಮುಚ್ಚಿಟ್ಟಿದ್ದೆ. ಆದರೆ ಮುಚ್ಚಿಟ್ಟದ್ದು ಮಿಷನ್ನಿನ ತಪ್ಪನ್ನಲ್ಲ.

ಎರಡನೆಯ ಸಲ ಅಳೆಯುವಾಗ ನಾವು ಮೂವರೂ ಆ ಕೋಣೆಯಲ್ಲಿ ಕಳ್ಳನನ್ನು ಹಿಡಿಯುವವರ ಹಾಗೆ ನಿಂತಿದ್ದೆವು. ದಿಮ್ಮಿಯನ್ನು ಟೇಬಲ್ ಮೇಲೆ ಇಟ್ಟು, ಕೆಂಪು ಗೆರೆಗೆ ಕೂಡಿಸಿ, ಸರಿಯಿದೆಯೇ ಎಂದು ಮೂವರೂ ಬಗ್ಗಿ ನೋಡಿದೆವು. ಸರಿಯಿತ್ತು. ಹೊರಗೆ ಬಂದು ಕಿರಣ ಬಿಟ್ಟು, ಮೀಟರನ್ನು ಇನ್ನೊಂದು ತೂತಿಗೆ ಹಾಕಲು ಒಳಗೆ ಹೋದರೆ ಗೆರೆ ತಪ್ಪಿತ್ತು. ಅಂಜನ್ ಕುಮಾರ್ ನನ್ನನ್ನೇ ದಿಟ್ಟಿಸಿದರು.

"ಯಾರ್ ಮುಟ್ಟಿದ್ರಿ ಮೇಡಂ?" ಎಂದು ಕೇಳಿದರು.

"ನಾವೆಲ್ಲ ನಿಮ್ ಜೊತೆಗೇ ಹೊರಗಿದ್ವಲ್ರಿ. ನೀವೇ ಮುಟ್ಟಿರಬೇಕು" ಎಂದರು ಸುನೀತಾ ಮೇಡಂ.

ಮತ್ತೆ ಕೂಡಿಸಿ ಇಟ್ಟು, ಈ ಸಲ ಯಾರೂ ಹೊರಗೆ ಹೋಗದೆ ಅಲ್ಲೇ ನಿಂತು ನೋಡಿದೆವು. ಯಾರೂ ಮುಟ್ಟದೆ ಗೆರೆ ನಿಧಾನವಾಗಿ ಸರಿಯುತ್ತಿತ್ತು. ದಿಮ್ಮಿ ಕೆಳಗೆ ಇಳಿಯುತ್ತ, ಒಂದು ಪಕ್ಕಕ್ಕೆ ವಾಲುತ್ತಿತ್ತು. ನಾನು ಅದರ ಅಡಿಗೆ ಕೈ ಹಾಕಿದೆ. ಕೈಗೆ ಗೊತ್ತಾಯಿತು ಅಪ್ಪ. ನೀವು ನಡುವೆ ತುಂಬಿದ್ದ ಆ ಹೆಚ್ಚಿನ ಹಿಡಿ ಹತ್ತಿ. ಗುಂಡು ದಿಮ್ಮಿ ಉರುಳದಂತೆ ಕೆಳಗೆ ಕೊಡುವ ಆಪನ್ನು ಮೊದಲ ಸಲ ಅವರು ತಂದಿರಲಿಲ್ಲ. ಗಾದಿ ಮೆತ್ತಗಿದೆ, ಅದರ ಮೇಲೆ ಅಲುಗಾಡದೆ ಕೂರುತ್ತದೆ ಎಂದು ಇಟ್ಟರು. ಈ ಸಲ ಆಪು ತಂದಿದ್ದರೂ ಹಾಗೇ ಇಟ್ಟಿದ್ದರು. ಗಾದಿ ತೆಗೆದು ಬರೀ ಟೇಬಲ್ ಮೇಲೆ ಆಪು ಕೊಟ್ಟು ಇಟ್ಟ ಮೇಲೆ ಎಲ್ಲ ಅಂಕಿಯೂ ತಾಳೆಯಾಯಿತು.

ಸುನೀತಾ ಮೇಡಂ ನಗಲು ಶುರು ಮಾಡಿದರು. "ಅಯ್ಯೋ, ಒಂದು ತಿಂಗಳು ಹಾವು ಮುಂಗುಸಿ ಹಂಗೆ ಇದ್ವಲ್ರಿ" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ನೀವು ಆ ಗಾದಿಯ ಮಾತು ಹೇಳುವುದು ನೆನಪಾಯಿತು. ಅದಕ್ಕೇ "ಚೆನ್ನಾಗಿದೆ" ಎಂದು ಬರೆದೆ.

ಇನ್ನೂ ಒಂದು ಇದೆ, ಅದನ್ನೂ ಬರೆದುಬಿಡುತ್ತೇನೆ. ಪೇಷಂಟುಗಳನ್ನು ಮಲಗಿಸುವಾಗ ನಾವು ಪ್ರತಿ ಸಲ ಬೆಳಕಿನ ಗೆರೆ ನೋಡುತ್ತಿರಲಿಲ್ಲ. ಹಳೆಯ ಫೋಮಿಗೆ ಟೇಬಲ್ ಎಷ್ಟು ಎತ್ತರ ಇರಬೇಕೆಂದು ರೂಢಿಯಾಗಿತ್ತು, ಆ ಅಂಕಿಗೇ ಏರಿಸಿಬಿಡುತ್ತಿದ್ದೆವು. ನಿಮ್ಮ ಗಾದಿ ದಪ್ಪ, ಆದ್ದರಿಂದ ಮಲಗಿದವರು ನಡುವಿಗಿಂತ ಸ್ವಲ್ಪ ಮೇಲೆ ಇರುತ್ತಿದ್ದರು. ನಮ್ಮ ಮಿಷನ್ನಿನಲ್ಲಿ ಹಾಗಿದ್ದರೆ, ಅಂದಾಜಿಗೆಂದು ಮೊದಲು ತೆಗೆಯುವ ಚಿತ್ರದಲ್ಲಿ ಅವರು ಇರುವುದಕ್ಕಿಂತ ದಪ್ಪ ಕಾಣುತ್ತಾರೆ. ದಪ್ಪ ಎಂದುಕೊಂಡು ಮಿಷನ್ ಕಿರಣವನ್ನೂ ತುಸು ಹೆಚ್ಚು ಬಿಡುತ್ತದೆ. ನವೆಂಬರಿನಲ್ಲಿ ಅವ್ವನಿಗೂ ಹಾಗಾಗಿರಬೇಕು. ಹೆದರುವಷ್ಟಲ್ಲ, ಆದರೆ ಆಗಬಾರದಿತ್ತು. ಅದು ಗಾದಿಯ ತಪ್ಪಲ್ಲ, ಗೆರೆ ನೋಡದ ನಮ್ಮ ತಪ್ಪು. ಈಗ ಒಬ್ಬೊಬ್ಬರನ್ನೂ ಗೆರೆಗೆ ಕೂಡಿಸಿಯೇ ಮಲಗಿಸುತ್ತೇವೆ.

ಕಾಲಿಗೆ ಬೀಳುತ್ತೇನೆ, ಅವ್ವನನ್ನು ಕರೆದುಕೊಂಡು ಬನ್ನಿ.

ಸಬಾ


ಹರಿಹರ
13 ಏಪ್ರಿಲ್ 2025

ಸಬಾಗೆ,

ನಿನ್ನ ಕಾಗದ ಓದಿ ಇದೂ ಒಂದು ಕಥೆ ಎಂದುಕೊಂಡೆ. ಡಾಕ್ಟರಮ್ಮ ಹೇಳಿ ಬರೆಸಿರಬೇಕು, ತಪ್ಪು ಹೊರಿಸಲು ಬೇರೆ ಯಾರೂ ಸಿಗದೆ ಪಿಂಜಾರನ ಮೇಲೆ ಹೊರಿಸಿದ್ದಾರೆ ಎಂದುಕೊಂಡೆ. ಬಹಳ ಸಿಟ್ಟು ಬಂತು. ಕೆಲವು ದಿನ ಹತ್ತಿಯ ಮಿಷನ್ ಶುರು ಮಾಡಲಿಲ್ಲ, ಗಿರಾಕಿಗಳನ್ನು ವಾಪಸು ಕಳಿಸಿದೆ.

ಆಮೇಲೆ ಅದೇ ಅಳತೆಯ ಇನ್ನೊಂದು ಗಾದಿ ಹೊಲಿದೆ. ಅದೇ ಹತ್ತಿ, ಅದೇ ಕೈ, ನಡುವೆ ಅದೇ ಹಿಡಿ. ಹಲಗೆಯ ಮೇಲೆ ಹಾಸಿ ಮನೆಯ ರುಬ್ಬುಗುಂಡನ್ನು ತಂದು ಮಧ್ಯದಲ್ಲಿ ಇಟ್ಟೆ. ಗೋಡೆಯಿಂದ ಗೋಡೆಗೆ ಗುಂಡಿನ ತಲೆಯ ಮಟ್ಟಕ್ಕೆ ದಾರ ಕಟ್ಟಿದೆ. ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತೆ. ನಿನ್ನ ಅವ್ವ ಬಂದು ನೋಡಿ "ಏನ್ ಮಾಡ್ತಿದೀರಿ? ಗುಂಡಿಗೆ ಮದಿವಿ ಮಾಡ್ತೀರಾ?" ಎಂದಳು. ಟೀ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಗುಂಡು ದಾರ ಬಿಟ್ಟು ಇಳಿದಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ಎಡಕ್ಕೆ ವಾಲಿತು. ಮನುಷ್ಯರಿಗಾದರೆ ಬೆನ್ನಿಗೆ ಸುಖ ಎಂದು ನಾವು ಹಾಗೆ ತುಂಬುವುದು. ಗುಂಡಿಗೆ ಬೆನ್ನಿಲ್ಲ ಎಂದು ನಮ್ಮಪ್ಪನೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ನಾಚಿಕೆಯಾಯಿತು ಎಂದು ಬರೆಯಲು ನನಗೆ ನಾಚಿಕೆಯಿಲ್ಲ. ಆದರೆ ನೀನು ಫೆಬ್ರವರಿಯಲ್ಲೇ ಹೇಳಿದ್ದರೆ ಅಂದೇ ಗುಂಡು ಇಟ್ಟು ನೋಡುತ್ತಿದ್ದೆ. ನನ್ನನ್ನು ಅಷ್ಟು ಮೆತ್ತಗಿನವನು ಎಂದುಕೊಂಡೆಯಾ?

ಗುರುವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಬರುತ್ತೇನೆ. ಚೀಟಿ ಜೇಬಿನಲ್ಲಿ ಮಡಿಕೆ ಬಿದ್ದು ಹರಿದಿದೆ, ಅಕ್ಷರ ಕಾಣುತ್ತದೆ.

ನಿನ್ನ ಅಪ್ಪ


ದಾವಣಗೆರೆ
11 ಮೇ 2025

ಅಪ್ಪನಿಗೆ ಸಲಾಂ.

ಅವ್ವ ಆಸ್ಪತ್ರೆಯಿಂದ ಮನೆಗೆ ಬಂದು ಒಂದು ವಾರವಾಯಿತು, ನಾನು ಬರಲಿಲ್ಲ. ಯಾಕೆ ಎಂದು ನೀವು ಹಿದಾಯತ್‌ನನ್ನು ಕೇಳಿದಿರಂತೆ.

ಆ ಗುರುವಾರ ಸ್ಕ್ಯಾನ್ ಮಾಡಿದವಳು ನಾನೇ. ಗೆರೆಗೆ ಕೂಡಿಸಿ, ಎರಡೆರಡು ಸಲ ನೋಡಿ ಮಲಗಿಸಿದೆ. ಕೆಳಗಡೆ ಸಿಕ್ಕಿಕೊಂಡಿದ್ದ ಕಲ್ಲು ಪರದೆಯ ಮೇಲೆ ಬಂತು, ಅದರ ಮೇಲೆ ನೀರು ತುಂಬಿದ ಚೀಲದ ಹಾಗೆ ಆ ಎಡಗಡೆಯ ಕಿಡ್ನಿ. ಡಾಕ್ಟರು ಕಲ್ಲು ತೆಗೆದರು, ಕಿಡ್ನಿ ಮಾತ್ರ ಇನ್ನು ಕೆಲಸ ಮಾಡುವುದಿಲ್ಲ ಎಂದರು. ಬಲಗಡೆಯದು ಒಂದೇ ಈಗ ಅವಳನ್ನು ನಡೆಸಬೇಕು. ಎರಡು ತಿಂಗಳು ಮೊದಲು ಬಂದಿದ್ದರೆ ಎಂದು ಅವರು ಅರ್ಧಕ್ಕೇ ನಿಲ್ಲಿಸಿದರು.

ಆ ಎರಡು ತಿಂಗಳು ನನ್ನವು. ನಿಮ್ಮ ಮನಸ್ಸು ನೋಯಬಾರದೆಂದು ಒಂದು ಗಾದಿಯ ವಿಷಯ ಮುಚ್ಚಿಟ್ಟು ಅವ್ವನ ಕಿಡ್ನಿ ಕಳೆದೆ. ಬಂದು ಅವಳ ಎದುರಿಗೆ ಹೇಗೆ ಕೂರಲಿ ಎಂದು ತಿಳಿಯುತ್ತಿಲ್ಲ, ಅದಕ್ಕೇ ಬರುತ್ತಿಲ್ಲ.

ಸಬಾ


ಹರಿಹರ
18 ಮೇ 2025

ಮಗಳು ಸಬಾಗೆ ಅಪ್ಪನ ದುವಾ.

ಸ್ಕ್ಯಾನ್ ಮುಗಿದಾಗ ಗಾಜಿನ ಆಚೆಯಿಂದ ನೀನು ನನ್ನ ಕಡೆ ನೋಡಲಿಲ್ಲ. ನನಗೆ ಆಗಲೇ ಗೊತ್ತಾಯಿತು. ಆ ತಿಂಗಳುಗಳನ್ನು ನೀನೊಬ್ಬಳೇ ಹೊತ್ತುಕೊಂಡು ಕೂರಬೇಡ. ಚೀಟಿ ಇದ್ದದ್ದು ನನ್ನ ಜೇಬಿನಲ್ಲಿ.

ನಿನ್ನ ಕಾಗದವನ್ನು ನಿನ್ನ ಅವ್ವನಿಗೆ ಓದಿ ಹೇಳಿದೆ. ಮೊದಲ ಸಲ. ಈ ಕಾಗದಗಳ ಸಂಗತಿ ಅವಳಿಗೆ ತಿಳಿಯದು ಎಂದೇ ಇಷ್ಟು ದಿನ ನಂಬಿದ್ದೆ. ಕೇಳಿ ನಕ್ಕಳು.

"ಓದಕ್ ಬರಲ್ಲ ಅಂದ್ರೆ ಕಣ್ಣೂ ಕಾಣಲ್ಲ ಅಂದ್ಕಂಡ್ರಾ? ಹಿದಾಯತ್ ಬಂದು ಹೋದಾಗೆಲ್ಲ ನಿಮ್ಮ ಮುಖ ಹುಳ್ಳಗಾಗ್ತಿತ್ತು. ಅಪ್ಪ ಮಗಳು ನನ್ ಸಲುವಾಗಿ ಕಚ್ಚಾಡ್ತಿದೀರಿ ಅಂತ ತಿಳೀತು. ನೋವಿಲ್ಲ ಅಂದ್ರೆ ಸ್ಕ್ಯಾನ್ ಬ್ಯಾಡ ಅಂತೀರಿ, ಜಗಳ ನಿಲ್ತೈತೆ ಅಂದ್ಕಂಡೆ" ಎಂದಳು.

ನೋವು ಇತ್ತೇ ಎಂದು ಕೇಳಿದೆ. ಕೇಳುವಾಗ ನನ್ನ ಧ್ವನಿ ನನಗೇ ಕೇಳಿಸಲಿಲ್ಲ.

"ರೋಜಾ ಶುರುವಾಗೋ ತನಕ ಭಾಳ ಇತ್ರಿ. ನೀವು ಅಂಗಡಿಗೆ ಹೋದ್ಮ್ಯಾಲೆ ನೆಲದ ಮ್ಯಾಲೆ ಹೊರಳಾಡ್ತಿದ್ದೆ. ಆಮ್ಯಾಲೆ ತಾನೇ ನಿಂತೋತು. ಔಷಧಿ ಹಿಡೀತು ಅಂದ್ಕಂಡೆ."

ತಿಪ್ಪಮ್ಮನನ್ನು ಅನುಮಾನಿಸಿದೆ. ಅಳೆಯಲು ಬಂದವನನ್ನು, ಡಾಕ್ಟರಮ್ಮನನ್ನು, ಟೈ ಕಟ್ಟಿದ್ದ ಆ ಯಾರೋ ಒಬ್ಬನನ್ನು, ಹೆತ್ತ ಮಗಳನ್ನು ಅನುಮಾನಿಸಿದೆ. ಕಾಗದ ತರುವ ಹಿದಾಯತ್‌ನನ್ನೂ ಬಿಡಲಿಲ್ಲ. ಈ ಐದು ತಿಂಗಳಲ್ಲಿ ಮರುಪ್ರಶ್ನೆಯಿಲ್ಲದೆ ನಂಬಿದ್ದು ಮನೆಯಲ್ಲಿ ಒಬ್ಬಳ ಮಾತನ್ನು ಮಾತ್ರ.

ಈಗಲೂ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೇಳುತ್ತೇನೆ, ನೋವೈತಾ ಎಂದು. "ಇಲ್ರಿ" ಎಂದು ನಗುತ್ತಾಳೆ. ನಂಬಬೇಕೋ ಬಿಡಬೇಕೋ ನನಗೆ ಗೊತ್ತಾಗುತ್ತಿಲ್ಲ. ನೀನು ಬಾ ಮಗಳೇ. ಬಂದು ನೀನು ಕೇಳು.

ನಿನ್ನ ಅಪ್ಪ
ಜಮಾಲ್ ಸಾಬ್